ಅಪ್‌ಡೇಟ್: ರಸೀದಿಯಲ್ಲಿ ಏನು ಬರೆಯಬೇಕು ಅಂತ ಕೇಳಿದ್ದೆನಲ್ಲ

ಮೈಸೂರಿನ ಸರಸ್ವತಿಪುರಂನಲ್ಲಿ ಸಣ್ಣದೊಂದು ಆಪ್ತಸಮಾಲೋಚನೆ ಕೊಠಡಿ ನಡೆಸುತ್ತೇನೆ. ರಸೀದಿಯಲ್ಲಿ ‘ಥೆರಪಿ’ ಅಂತ ಬರೆಯಬೇಡಿ ಅನ್ನುವವರಿಗೆ ಏನು ಮಾಡಲಿ ಅಂತ ಕಳೆದ ತಿಂಗಳು ಕೇಳಿದ್ದೆ. ಉತ್ತರಿಸಿದವರಿಗೆಲ್ಲ ಮನಸಾರೆ ಥ್ಯಾಂಕ್ಸ್.

ಈಗ ಕ್ರಮಸಂಖ್ಯೆ, ದಿನಾಂಕ, ಹೆಸರು, ಮೊತ್ತ, ‘ಸಮಾಲೋಚನಾ ಶುಲ್ಕ’, ಇಷ್ಟೇ ಬರೆಯುತ್ತೇನೆ. ಇದರಲ್ಲಿ ಸುಳ್ಳಿಲ್ಲ. ಸೆಷನ್ ಟಿಪ್ಪಣಿಗಳನ್ನು ಬೇರೆ ಬೀರುವಿಗೆ ಹಾಕಿದೆ, ಯಾಕೆಂದರೆ ಲೆಕ್ಕದ ಪುಸ್ತಕ ಆಡಿಟರ್ ಕೈಗೂ ಹೋಗುತ್ತೆ. 2017ರ ಮಾನಸಿಕ ಆರೋಗ್ಯ ಕಾಯ್ದೆಯ 23ನೇ ಸೆಕ್ಷನ್ ಗೌಪ್ಯತೆಯನ್ನು ಹಕ್ಕು ಅಂತಲೇ ಹೇಳುತ್ತೆ.

ನನಗೆ ಹೊಳೆಯದೇ ಇದ್ದದ್ದು ಯುಪಿಐ. ಒಬ್ಬರು (ಅವರ ಒಪ್ಪಿಗೆ ಪಡೆದೇ ಬರೆಯುತ್ತಿದ್ದೇನೆ) ನೋಟ್ ಜಾಗದಲ್ಲಿ ‘ಕೌನ್ಸೆಲಿಂಗ್’ ಅಂತ ಟೈಪ್ ಮಾಡಿ, ತಡೆದು, ಒಂದೊಂದೇ ಅಕ್ಷರ ಅಳಿಸಿದರು. ಪಾಸ್‌ಬುಕ್ ಎಂಟ್ರಿ ಮಾಡಿಸೋದು ಅವರ ಮಾವನವರಂತೆ. ಆ ಬೆರಳು ನಡುಗಿದ್ದು ಇನ್ನೂ ಕಣ್ಣಮುಂದಿದೆ. ಅವತ್ತೇ ಕ್ಯೂಆರ್ ಕೋಡ್ ಪಕ್ಕ ಚೀಟಿ ಅಂಟಿಸಿದೆ: ‘ನೋಟ್ ಖಾಲಿ ಬಿಡಬಹುದು.’

ವಿಮೆಗೋ ಆಫೀಸಿಗೋ ಬೇಕೆಂದವರಿಗೆ ಮಾತ್ರ, ಲಿಖಿತ ಒಪ್ಪಿಗೆ ಪಡೆದು ವಿವರವಾದ ಬಿಲ್ ಕೊಡುತ್ತೇನೆ. ತಿಂಗಳದ್ದು ಒಟ್ಟಿಗೆ ನಗದು ಕೊಟ್ಟು 5,000 ರೂಪಾಯಿ ದಾಟಿದರೆ 1 ರೂಪಾಯಿಯ ರೆವಿನ್ಯೂ ಸ್ಟಾಂಪ್ ಹಚ್ಚುತ್ತೇನೆ. ಬಾಕಿ ಉಳಿದಿದ್ದ ಹಳೇ ರಸೀದಿಗಳನ್ನೂ ಮೊನ್ನೆ ಭಾನುವಾರ ಕೂತು ಬರೆದು ಮುಗಿಸಿದೆ.