ಕಾರಿನ ಗಾಜಿನ ಹಳೇ ಅಂಟು ಬಿಡಿಸೋದು: ಪ್ರಶ್ನೋತ್ತರ

ಗಿರೀಶ್: ಸರ್, ಹಿಂಬದಿಯ ಸೈಡ್ ಗಾಜು ಬಿಚ್ಚಿದೀನಿ. ಫ್ರೇಮ್ ಸುತ್ತ ಕಪ್ಪು ಅಂಟು, ಬೆರಳಿಟ್ಟರೆ ಎಳೆ ಎಳೆಯಾಗಿ ಬರುತ್ತೆ. ಹೇಗೆ ತೆಗೀಲಿ?

ರಮೇಶ್ (ಗಾಜಿನ ಕೆಲಸ): ಎಳೆ ಬರ್ತಿದ್ರೆ ಅದು ಬ್ಯೂಟೈಲ್, ಅಂದ್ರೆ ಗಟ್ಟಿಯಾಗದೆ ಮೆತ್ತಗೇ ಉಳಿಯೋ ರಬ್ಬರ್ ಅಂಟು. ಹೀಟ್ ಗನ್ ಹಿಡೀಬೇಡಿ, ಇನ್ನಷ್ಟು ಹರಡುತ್ತೆ. ತಣ್ಣಗಿರೋ ಹೊತ್ತಲ್ಲಿ ಪ್ಲಾಸ್ಟಿಕ್ ಸ್ಕ್ರೇಪರ್‌ನಿಂದ ಎಬ್ಬಿಸಿ. ಬಂದ ಅಂಟನ್ನೇ ಉಂಡೆ ಮಾಡಿ, ಉಳಿದದ್ದರ ಮೇಲೆ ಒತ್ತಿ ಥಟ್ಟನೆ ಕೀಳಿ, ಅಂಟಿಗೆ ಅಂಟು ಹಿಡಿದು ಬರುತ್ತೆ. ಕಲೆಗೆ ಮಿನರಲ್ ಟರ್ಪೆಂಟೈನ್: ಬಟ್ಟೆಗೆ ಹಾಕಿ, ಒಂದೆರಡು ನಿಮಿಷ ಒತ್ತಿಟ್ಟು ಒರೆಸಿ. ಬಟ್ಟೆ ಮಗ್ಗುಲು ಬದಲಿಸ್ತಾ ಇರಿ. ಕೊನೆಗೆ ಐಸೊಪ್ರೊಪೈಲ್ ಆಲ್ಕೊಹಾಲ್‌ನಲ್ಲಿ ಒರೆಸಿ.

ಸವಿತಾ: ಥಿನ್ನರ್ ಆಗುತ್ತಾ?

ರಮೇಶ್: ಬೇಡ. ರೀಪೇಂಟ್ ಆಗಿದ್ರೆ ಬಣ್ಣ ಎದ್ದು ಬರುತ್ತೆ.

ನಾಗರಾಜ್: ಫಾರ್ವರ್ಡ್ ಬಂದಿದೆ: ಪೆಟ್ರೋಲಲ್ಲಿ ಬಟ್ಟೆ ನೆನೆಸಿ ಉಜ್ಜಿದ್ರೆ ಐದು ನಿಮಿಷದಲ್ಲಿ ಕ್ಲೀನ್!

ರಮೇಶ್: ದಯವಿಟ್ಟು ಇಂಥದ್ದು ಇಲ್ಲಿ ಹಾಕಬೇಡಿ. ಬಾಗಿಲು ಮುಚ್ಚಿದ ಕಾರೊಳಗೆ ಪೆಟ್ರೋಲ್ ಆವಿ ತುಂಬಿದ್ರೆ ಒಂದು ಕಿಡಿ ಸಾಕು.

ಫಯಾಜ್: ಮುಂದಿನ ಗಾಜಿನ ಅಂಚಲ್ಲಿ ನೀರು ಸೋರ್ತಿತ್ತು, ಯಾರೋ ಮೇಲೆ ಸಿಲಿಕೋನ್ ಬಳಿದಿದ್ರು. ಗಾಜು ತೆಗೆದಿದೀವಿ, ಕೆಳಗೆ ಗಟ್ಟಿ ರಬ್ಬರಿನಂಥದ್ದಿದೆ. ಗ್ರೈಂಡರ್‌ಗೆ ವೈರ್ ಬ್ರಶ್ ಹಾಕಿ ಲೋಹದವರೆಗೂ ತೆಗೀತೀವಿ, ಸರಿನಾ?

ರಮೇಶ್: ಗ್ರೈಂಡರ್ ಕೆಳಗಿಡಿ. ಆ ರಬ್ಬರ್ ಪಿಯು, ಅಂದ್ರೆ ಗಾಜು ಕೂರಿಸೋ ಪಾಲಿಯುರೆಥೇನ್ ಅಂಟು, ಅದನ್ನ ಪೂರ್ತಿ ತೆಗೀಬಾರದು. ಹರಿತವಾದ ಹೊಸ ಬ್ಲೇಡ್‌ನಿಂದ ಕುಯ್ದು 1–2 ಮಿ.ಮೀ. ಪದರ ಉಳಿಸಿ. ಆಗತಾನೆ ಕುಯ್ದ ಪಿಯು ಮೇಲೆ ಹೊಸ ಪಿಯು ಗಟ್ಟಿಯಾಗಿ ಹಿಡಿಯುತ್ತೆ. ವೈರ್ ಬ್ರಶ್ ಬಣ್ಣವನ್ನೂ ಕಿತ್ತುಹಾಕುತ್ತೆ. ಅಲ್ಲಿ ತುಕ್ಕು ಶುರುವಾದ್ರೆ ಅಂಟು ಹಿಡಿದಿದ್ದು ತುಕ್ಕನ್ನ, ಲೋಹವನ್ನಲ್ಲ. ಲೋಹ ಕಂಡ ಗೀರಿಗೆಲ್ಲ ಪಿಯು ಕಂಪನಿಯದೇ ಪ್ರೈಮರ್ ಹಚ್ಚಿ, ಚೀಟಿಯಲ್ಲಿ ಬರೆದಷ್ಟು ಹೊತ್ತು ಒಣಗಿಸಿ.

ನನಗೆ ಚಿಂತೆ ಸಿಲಿಕೋನ್‌ದು. ಅದರ ಮೇಲೆ ಪಿಯು ಹಿಡಿಯೋದೇ ಇಲ್ಲ, ಗಟ್ಟಿಯಾದದ್ದು ಟರ್ಪೆಂಟೈನ್‌ಗೂ ಕರಗಲ್ಲ. ಸಿಲಿಕೋನ್ ತಾಗಿದ ಕಡೆ ಕೆಳಗಿನ ಪಿಯು ಸಮೇತ ಕುಯ್ದು, ಬ್ಲೇಡ್ ಬದಲಿಸಿ ಮತ್ತೊಮ್ಮೆ ಕುಯ್ಯಿರಿ. ಗಾಜಿನ ಅಂಚಲ್ಲೂ ಸಿಲಿಕೋನ್ ಉಳಿದಿದೆಯಾ ನೋಡಿ. ಎಷ್ಟೋ ಕಾರುಗಳಲ್ಲಿ ಪಕ್ಕದ ಸೀಟಿನ ಏರ್‌ಬ್ಯಾಗ್ ಉಬ್ಬುವಾಗ ಈ ಗಾಜಿಗೇ ಒರಗುತ್ತೆ. ಅಂಟು ಬಿಟ್ರೆ ಗಾಜು ಹೊರಗೆ ಹಾರುತ್ತೆ. ಟ್ಯೂಬ್ ಮೇಲಿನ ಕಾಯುವ ಸಮಯ ಮುಗಿಯದೆ ಕಾರು ಓಡಿಸಬೇಡಿ.

ಅನಿತಾ: ಹಿಂದಿನ ಗಾಜಲ್ಲಿ ಸನ್ ಫಿಲ್ಮ್ ಗಮ್ ಉಳಿದಿದೆ, ಅದರಡಿ ಡೀಫಾಗರ್ ಗೆರೆಗಳಿವೆ (ಗಾಜು ಬಿಸಿ ಮಾಡಿ ಮಂಜು ತೆಗೆಯೋವು). ಬ್ಲೇಡ್ ಹಾಕ್ಲಾ?

ಪ್ರಕಾಶ್: ಥಿನ್ನರ್ ಹಾಕಿದ್ರೆ?

ರಮೇಶ್: ಮೇಲೆ ಓದಿ.

ನಾಗರಾಜ್: ಡಬ್ಲ್ಯುಡಿ-40 ಸ್ಪ್ರೇ ಎಣ್ಣೆ ಹೊಡೀರಿ, ಎಲ್ಲಾ ಬಿಡುತ್ತೆ.

ಸವಿತಾ: ಬಿಡುತ್ತೆ, ಆದ್ರೆ ಎಣ್ಣೆ ಪದರ ಉಳಿದು ಹೊಸ ಸೀಲೆಂಟ್ ಹಿಡಿಯಲ್ಲ.

ನಾಗರಾಜ್: ಒರೆಸಿದ್ರೆ ಹೋಗುತ್ತೆ. ಮಾಡಿ ನೋಡಿದೀರಾ?

ಸವಿತಾ: ಒಣ ಬಟ್ಟೆಗೆ ಹೋಗಲ್ಲ. ಆಲ್ಕೊಹಾಲಲ್ಲಿ ಎರಡು ಸಲ ಒರೆಸಬೇಕು. ಅದನ್ನ ಹೇಳದೆ ಅರ್ಧ ಸಲಹೆ ಯಾಕೆ ಕೊಡ್ತೀರಿ?

ನಾಗರಾಜ್: ನಿಮ್ಮನ್ನ ಯಾರೂ ಕೇಳಿಲ್ಲ.

ರಮೇಶ್: ಸವಿತಾ ಅವರು ಹೇಳಿದ್ದು ಸರಿ. ನಾಗರಾಜ್, ಸಾಕು. ಫಯಾಜ್, ಕುಯ್ದ ಮೇಲೆ ನಾಲ್ಕೂ ಮೂಲೆ ಫೋಟೋ ಹಾಕಿ. ನಾನು ನೋಡೋವರೆಗೆ ಗಾಜು ಕೂರಿಸಬೇಡಿ.

ಅನಿತಾ: ಸರ್, ನನ್ನ ಡೀಫಾಗರ್ ಗೆರೆ ವಿಷಯ?

ಪ್ರಕಾಶ್: ಎನ್‌ಸಿ (ನೈಟ್ರೋಸೆಲ್ಯುಲೋಸ್) ಪೇಂಟಿನ ಥಿನ್ನರ್ ಅಲ್ಲ ಸರ್, ಪಿಯು ಪೇಂಟಿನ ಥಿನ್ನರ್. ಅದೂ ಬೇಡ್ವಾ?