ಲೇಸರ್ ಮೈಕ್ರೊಡಿಸೆಕ್ಷನ್: ಬಣ್ಣ ಹಾಕಿದೊಡನೆ ಆರ್‌ಎನ್‌ಎ ಕೆಡುತ್ತಿದೆ

ಪ್ರಶ್ನೆ

ಇಲಿ ಮಿದುಳಿನ ಸಬ್‌ಸ್ಟಾನ್ಶಿಯಾ ನೈಗ್ರಾ ಎಂಬ ಭಾಗದ ಡೋಪಮಿನ್ ನರಕೋಶಗಳನ್ನಷ್ಟೇ ಲೇಸರ್‌ನಿಂದ ಕತ್ತರಿಸಿ ಆರ್‌ಎನ್‌ಎ ಸೀಕ್ವೆನ್ಸಿಂಗ್‌ಗೆ ಕಳುಹಿಸಬೇಕಿದೆ. ಕ್ರಯೊಸ್ಟಾಟ್‌ನಲ್ಲಿ (ಹೆಪ್ಪುಗಟ್ಟಿದ ಅಂಗಾಂಶವನ್ನು ತೆಳುವಾಗಿ ಸೀಳುವ ಯಂತ್ರ) 10 ಮೈಕ್ರಾನ್ ಸೆಕ್ಷನ್ ತೆಗೆದು ಪೆನ್ ಪೊರೆಯ (ಲೇಸರ್ ಕತ್ತರಿಸಬಲ್ಲ ತೆಳು ಪ್ಲಾಸ್ಟಿಕ್) ಸ್ಲೈಡ್ ಮೇಲೆ ಕೂರಿಸುತ್ತೇನೆ. ಬಣ್ಣ ಹಾಕದ ಸೆಕ್ಷನ್‌ನಲ್ಲಿ ರಿನ್ (ಆರ್‌ಎನ್‌ಎ ಎಷ್ಟು ಅಖಂಡವಾಗಿದೆ ಎಂದು 1ರಿಂದ 10ರವರೆಗೆ ಹೇಳುವ ಅಂಕ) 8.6. ಹೆಮಟಾಕ್ಸಿಲಿನ್-ಇಯೊಸಿನ್ ಬಣ್ಣ ಹಾಕಿದ ಪಕ್ಕದ ಸೆಕ್ಷನ್‌ನಲ್ಲಿ 4.1. ನೀರಿಗೆಲ್ಲ ಡಿಇಪಿಸಿ (ಆರ್‌ಎನ್‌ಎ ಕತ್ತರಿಸುವ ಕಿಣ್ವವನ್ನು ಕೆಡಿಸುವ ರಾಸಾಯನಿಕ) ಹಾಕಿ ಆಟೋಕ್ಲೇವ್ ಮಾಡಿದ್ದೇನೆ. ಬಣ್ಣವೇ ಆರ್‌ಎನ್‌ಎಯನ್ನು ಕೆಡಿಸುತ್ತಿದೆಯೇ? ನಮ್ಮದು ಮಂಗಳೂರು, ಈಗ ಮಳೆಗಾಲ. ಅದೂ ಕಾರಣವಿರಬಹುದೇ?

ಉತ್ತರ 1

ಹೆಮಟಾಕ್ಸಿಲಿನ್ ಬಿಟ್ಟು ಆಲ್ಕೋಹಾಲ್‌ನಲ್ಲಿ ಕರಗಿಸಿದ ಕ್ರೆಸಿಲ್ ವಯೊಲೆಟ್ ಬಳಸಿ. ನಮ್ಮಲ್ಲಿ ಎಲ್ಲರೂ ಅದನ್ನೇ ಮಾಡುತ್ತಾರೆ. ಸೆಕ್ಷನ್ ಕೂರಿಸುವ ಮೊದಲು ಪೆನ್ ಸ್ಲೈಡ್‌ಗಳನ್ನು 254 ನ್ಯಾನೊಮೀಟರ್ ಅತಿನೇರಳೆ ಬೆಳಕಿನಲ್ಲಿ ಅರ್ಧ ಗಂಟೆ ಇಡಿ. ಸೆಕ್ಷನ್ ಚೆನ್ನಾಗಿ ಅಂಟುತ್ತದೆ.

ಉತ್ತರ 2

ಬಣ್ಣದ ಮೇಲೆ ತಪ್ಪು ಹೊರಿಸಬೇಡಿ, ತಪ್ಪಿತಸ್ಥ ನೀರು. ಆರ್‌ಎನ್‌ಎ ಕತ್ತರಿಸುವ ಆರ್‌ಎನ್‌ಏಸ್ ಕಿಣ್ವ ಹೊರಗಿನಿಂದಷ್ಟೇ ಬರುವುದಲ್ಲ, ಅಂಗಾಂಶದೊಳಗೇ ಇದೆ. ಹೆಪ್ಪುಗಟ್ಟಿದಾಗ ಸುಮ್ಮನಿರುತ್ತದೆ, ಆಲ್ಕೋಹಾಲ್‌ನಲ್ಲೂ ಅದರ ಆಟ ನಡೆಯುವುದಿಲ್ಲ. ಆದರೆ ಅದು ಸತ್ತಿರುವುದಿಲ್ಲ. ನೀರು ಸೋಕಿತೆಂದರೆ ಮತ್ತೆ ಕೆಲಸಕ್ಕಿಳಿಯುತ್ತದೆ. ಹೆಮಟಾಕ್ಸಿಲಿನ್, ಅದರ ತೊಳೆತ, ನೀಲಿ ಬರಿಸುವ ಹಂತ, ಎಲ್ಲವೂ ನೀರೇ. ಡಿಇಪಿಸಿ ಶುದ್ಧಗೊಳಿಸುವುದು ಪಾತ್ರೆಯಲ್ಲಿರುವ ನೀರನ್ನು ಮಾತ್ರ. ಆಟೋಕ್ಲೇವ್ ಮುಗಿಯುವಷ್ಟರಲ್ಲಿ ಆ ಡಿಇಪಿಸಿ ಆಲ್ಕೋಹಾಲ್ ಮತ್ತು ಇಂಗಾಲದ ಡೈಆಕ್ಸೈಡ್ ಆಗಿ ಒಡೆದಿರುತ್ತದೆ. ಅಂಗಾಂಶದ ಕಿಣ್ವವನ್ನು ತಡೆಯಲು ಅಲ್ಲಿ ಏನೂ ಉಳಿದಿರುವುದಿಲ್ಲ.

ನಾನು ಮಾಡುವ ಕ್ರಮ ಹೇಳುತ್ತೇನೆ. ಡ್ರೈ ಐಸ್ ಮೇಲಿಟ್ಟ ಸ್ಲೈಡ್ ನೇರವಾಗಿ ಮೈನಸ್ 20 ಡಿಗ್ರಿಯ ಶೇ. 70 ಎಥನಾಲ್‌ಗೆ ಇಳಿಯಬೇಕು. ನಡುವೆ ಮೇಜಿನ ಮೇಲಿಟ್ಟು ಕರಗಲು ಬಿಡಬಾರದು. ಎರಡು ನಿಮಿಷದ ನಂತರ ಶೇ. 70 ಎಥನಾಲ್‌ನಲ್ಲೇ ಕರಗಿಸಿದ ಶೇ. 1ರ ಕ್ರೆಸಿಲ್ ವಯೊಲೆಟ್‌ನಲ್ಲಿ ಮೂವತ್ತರಿಂದ ನಲವತ್ತು ಸೆಕೆಂಡು. ಆಲ್ಕೋಹಾಲ್‌ನಲ್ಲಿ ಈ ಬಣ್ಣ ಬೇಗ ಕರಗುವುದಿಲ್ಲ, ರಾತ್ರಿಯಿಡೀ ಕಲಕಿ ಬೆಳಿಗ್ಗೆ ಸೋಸಿ, ಇಲ್ಲವಾದರೆ ಕೋಶದ ಮೇಲೆ ಹರಳು ಕೂರುತ್ತವೆ. ಬಳಿಕ ಶೇ. 70, 95, 100ರಲ್ಲಿ ಅದ್ದಿ ತೆಗೆದು ಒಣಗಿಸಿ. ಈ ಬಣ್ಣ ಹಿಡಿಯುವ ನಿಸ್ಸ್ಲ್ ಕಣಗಳು ರೈಬೊಸೋಮುಗಳ ಗುಂಪು, ಅಂದರೆ ಬಹುಪಾಲು ಆರ್‌ಎನ್‌ಎಯೇ. ಅದರ ಮೇಲೇ ಕುಳಿತೂ ಅದನ್ನು ತುಂಡರಿಸದ ಬಣ್ಣವಿದು!

ಒಂದು ತೊಡಕಿದೆ. ದೊಡ್ಡ ನರಕೋಶಗಳು ಕೆನ್ನೇರಳೆಯಾಗಿ ಎದ್ದು ಕಾಣುತ್ತವೆ, ನರಕೋಶಗಳಿಗೆ ಆಸರೆಯಾದ ಗ್ಲಿಯಾ ಕೋಶಗಳಲ್ಲಿ ಕೋಶಕೇಂದ್ರ ಮಾತ್ರ ಕಾಣುತ್ತದೆ. ಆದರೆ ಯಾವುದು ಡೋಪಮಿನ್ ಕೋಶವೆಂದು ಈ ಬಣ್ಣ ಖಚಿತವಾಗಿ ಹೇಳುವುದಿಲ್ಲ. ಅದಕ್ಕೆ ಡೋಪಮಿನ್ ತಯಾರಿಕೆಗೆ ಬೇಕಾದ ಕಿಣ್ವವಾದ ಟೈರೊಸಿನ್ ಹೈಡ್ರಾಕ್ಸಿಲೇಸ್ ಅನ್ನು ಗುರುತಿಸುವ ಪ್ರತಿಕಾಯ ಬೇಕು, ಪ್ರತಿಕಾಯಕ್ಕೆ ನೀರು ಬೇಕು. ಆಗ ಬಫರ್‌ನಲ್ಲಿ 2 ಮೋಲಾರ್ ಉಪ್ಪು ಹಾಕುವ ದಾರಿಯಿದೆ. ಅಷ್ಟು ಉಪ್ಪಿನಲ್ಲಿ ಆರ್‌ಎನ್‌ಏಸ್ ಆರ್‌ಎನ್‌ಎಯನ್ನು ಸರಿಯಾಗಿ ಹಿಡಿಯಲಾರದು. ನಿಮ್ಮ ಪ್ರತಿಕಾಯ ಅದನ್ನು ತಡೆದುಕೊಳ್ಳುತ್ತದೆಯೇ ಎಂದು ಬೇರೊಂದು ಸ್ಲೈಡ್‌ನಲ್ಲಿ ಮೊದಲೇ ನೋಡಿಕೊಳ್ಳಿ.

ಮಳೆಗಾಲದ ಸಂಶಯ ಸರಿಯಾಗಿದೆ. ಶೇ. 100 ಎಂದು ಬರೆದ ಬಾಟಲಿ ನಿಮ್ಮ ಊರಿನ ಗಾಳಿಯಲ್ಲಿ ನಾಲ್ಕು ಸಲ ತೆರೆದರೆ ಶೇ. 100 ಆಗಿ ಉಳಿಯುವುದಿಲ್ಲ. 3 ಆಂಗ್‌ಸ್ಟ್ರಾಮ್ ಮಾಲಿಕ್ಯುಲರ್ ಸೀವ್ (ನೀರು ಹೀರುವ ಮಣಿಗಳು) ಹಾಕಿಡಿ, ಜಾರ್‌ಗಳನ್ನು ದಿನವೂ ಬದಲಿಸಿ. ಒಣಗಿದ ಸ್ಲೈಡ್ ಸಿಲಿಕಾ ಜೆಲ್ ಇರುವ ಡಬ್ಬಿಯಲ್ಲಿರಲಿ, ಸೂಕ್ಷ್ಮದರ್ಶಕದ ಮೇಲೆ ಒಮ್ಮೆಗೆ ಒಂದೇ.

ಉತ್ತರ 3

ರಿನ್ 8 ಬರಲೇಬೇಕೆಂದು ಹಟ ಏಕೆ? 3' ತುದಿಯನ್ನಷ್ಟೇ (ಆರ್‌ಎನ್‌ಎ ಎಳೆಯ ಕೊನೆ) ಓದುವ ಸೀಕ್ವೆನ್ಸಿಂಗ್ ಲೈಬ್ರರಿಗೆ 6 ಸಾಕಾಗಬಹುದು. ಬಯೊಅನಲೈಸರ್‌ನಲ್ಲಿ (ರಿನ್ ಅಳೆಯುವ ಯಂತ್ರ) ಅತ್ಯಲ್ಪ ಆರ್‌ಎನ್‌ಎ ಅಳೆಯುವ ಪೈಕೊ ಚಿಪ್ ಬಳಸಿ. ಆಯ್ದ ಕೋಶಗಳ ಆರ್‌ಎನ್‌ಎ ನ್ಯಾನೊ ಚಿಪ್‌ಗೆ ಸಿಗುವಷ್ಟಿರುವುದಿಲ್ಲ.

ಪ್ರಶ್ನೆ ಕೇಳಿದವರು

ಎಲ್ಲರಿಗೂ ಧನ್ಯವಾದ. ಹೊಸ ಕ್ರಮಕ್ಕೆ ಹೋಗುವ ಮೊದಲು, ಎಲ್ಲಿ ಕೆಡುತ್ತಿದೆ ಎಂದು ಖಚಿತಪಡಿಸಿಕೊಳ್ಳುವುದು ಹೇಗೆ?

ಉತ್ತರ 2

ಪ್ರತಿ ಹಂತದ ನಂತರ ಒಂದು ಇಡೀ ಸೆಕ್ಷನ್ ಕೆರೆದು ಕೋಶ ಒಡೆಯುವ ಲೈಸಿಸ್ ಬಫರ್‌ಗೆ ಹಾಕಿ: ಎಥನಾಲ್ ಆದ ಮೇಲೆ, ಬಣ್ಣದ ಮೇಲೆ, ಒಣಗಿಸಿದ ಮೇಲೆ. ಕೊನೆಯದನ್ನು ಮಾತ್ರ ಬಿಡಬೇಡಿ: ಲೇಸರ್ ಹಚ್ಚದೆ, ನೀವು ಕೋಶ ಕತ್ತರಿಸಲು ತೆಗೆದುಕೊಳ್ಳುವಷ್ಟೇ ಹೊತ್ತು ಸೂಕ್ಷ್ಮದರ್ಶಕದ ಮೇಲಿಟ್ಟ ಸೆಕ್ಷನ್. ಆರ್ದ್ರ ಕೋಣೆಯಲ್ಲಿ ಆರ್‌ಎನ್‌ಎ ಸದ್ದಿಲ್ಲದೆ ಸೋರಿಹೋಗುವುದು ಅಲ್ಲೇ. ಈ ಪರೀಕ್ಷೆಗೆ ನೈಗ್ರಾ ಇರುವ ಸೆಕ್ಷನ್ ಕಳೆಯಬೇಡಿ, ಕಾರ್ಟೆಕ್ಸ್ ಸಾಕು. ಆ ಪ್ರಾಣಿಯಿಂದ ಸಿಕ್ಕ ನೈಗ್ರಾ ಅಷ್ಟೂ ನಿಮ್ಮ ಪ್ರಶ್ನೆಗೇ ಮೀಸಲಾಗಲಿ. ಸಂಖ್ಯೆಗಳು ಬಂದಾಗ ಇಲ್ಲಿ ಹಾಕಿ, ನೋಡುತ್ತೇನೆ.