ಸಹಾಯ ಬೇಕು: ತೀರ್ಥಹಳ್ಳಿಯಲ್ಲಿ ಸಹಾಯಕ ನಾಯಿಯ ತರಬೇತಿಗೆ

ಗಾಲಿಕುರ್ಚಿ ಬಳಸುವವರಿಗಾಗಿ ಒಂದೂವರೆ ವರ್ಷದ ಲ್ಯಾಬ್ರಡಾರ್ ತಯಾರಾಗುತ್ತಿದೆ. ಬಿದ್ದ ಮೊಬೈಲ್ ಎತ್ತಿ ಮಡಿಲಿಗೆ ಕೊಡುತ್ತದೆ, ಹಿಡಿಗೆ ಕಟ್ಟಿದ ಹಗ್ಗ ಎಳೆದು ಬಾಗಿಲು ತೆಗೆಯುತ್ತದೆ. ಬೀಗದ ಕೈ ಮಾತ್ರ ಬಾಯಿಗೆ ತಗೊಳ್ಳುತ್ತಿಲ್ಲ. ಲೋಹ ಹಲ್ಲಿಗೆ ತಾಗುವುದು ಎಷ್ಟೋ ನಾಯಿಗಳಿಗೆ ಆಗದು. ಅದಕ್ಕೇ ಗೊಂಚಲಿಗೆ ದಪ್ಪ ಬಟ್ಟೆ ಹೊಲಿದು, ಮೂಸಿದ್ದಕ್ಕೆ, ಕಚ್ಚಿದ್ದಕ್ಕೆ, ಎರಡು ಸೆಕೆಂಡ್ ಹಿಡಿದದ್ದಕ್ಕೆ ಬೇರೆಬೇರೆಯಾಗಿ ತಿಂಡಿ ಕೊಡುತ್ತಿದ್ದೇವೆ. ಕುರ್ಚಿ ಎಳೆಸುವುದು ಈಗ ಬೇಡವೇ ಬೇಡ, ಕೀಲು ಪೂರ್ತಿ ಬಲಿತಿಲ್ಲ.

ಎದೆಸುತ್ತಳತೆ 75 ಸೆಂ.ಮೀ.ಗೆ ಹೊಂದುವ ನೈಲಾನ್ ಹಾರ್ನೆಸ್, ಅಂದರೆ ನಾಯಿಯ ಎದೆಗೆ ಕಟ್ಟುವ ಪಟ್ಟಿ, ಬೇಕು (ತೊಗಲಿನದು ನಮ್ಮ ಮಳೆಗೆ ಬೂಷ್ಟು ಹಿಡಿಯುತ್ತದೆ). ವಾರಕ್ಕೆರಡು ದಿನ ಅರ್ಧ ಗಂಟೆ ಅಂಗಡಿಯೊಳಗೆ ಅಭ್ಯಾಸಕ್ಕೆ ಬಿಡುವವರೂ ಬೇಕು. ಆಗ ದಯವಿಟ್ಟು ಬಿಸ್ಕತ್ತು ಹಾಕಬೇಡಿ.

ಮುಖ್ಯವಾಗಿ, ಮನೆ ಕಾಡಂಚಿನದು. ಮಂಗನ ಕಾಯಿಲೆ ಹರಡುವ ಉಣುಗು ನಾಯಿ ಮೈಯೇರಿ ಒಳಬರಬಹುದು. ಬಗ್ಗಿ ನೋಡಲಾಗದವರ ಪರವಾಗಿ ದಿನಾ ಸಂಜೆ ಕಿವಿ, ಬೆರಳಸಂದಿ ಹುಡುಕುವವರು ಹತ್ತಿರದಲ್ಲಿದ್ದರೆ ತಿಳಿಸಿ.